ಜಿನ್ನು ತಿರುಗಿದ ಬೆಳಗು

ರಾತ್ರಿ ಯಾವಾಗಲೋ ಶುರುವಾಗಿರಬೇಕು.
ನೆಲದಿಂದ ಚಾಪೆಗೆ, ಚಾಪೆಯಿಂದ ಬೆನ್ನಿಗೆ
ಗುಂಯ್ಯೆನ್ನುವುದೊಂದು ಹತ್ತಿ ಬಂದಿತ್ತು.
ನಾನು ಎಚ್ಚರಾಗಲಿಲ್ಲ,
ಇನ್ನೂ ಆಳಕ್ಕೆ ಜಾರಿದೆ,
ಎಂದೋ ಜೋಲಿ ತೂಗಿದ ಕೈಯನ್ನು
ಮೈ ಗುರುತು ಹಿಡಿದ ಹಾಗೆ.

ಬೆಳಗ್ಗೆ ಕದ ತೆಗೆದರೆ
ಓಣಿ ಬೆಳ್ಳಗೆ.

ತಂತಿಯ ಮೇಲೆ ಮರೆತ ನನ್ನ ದುಪಟ್ಟಾ,
ಓಬಕ್ಕನ ಬೇವು, ಬೇವಿನಡಿಯ ಒಡೆದ ಒರಳು,
ಪಾಲಯ್ಯನ ಸೈಕಲ್ಲಿನ ಸೀಟು,
ಚರಂಡಿಯ ಚಪ್ಪಡಿ, ನಲ್ಲಿಗೆ ಕಟ್ಟಿದ ಚಿಂದಿ,
ಮಲಗಿದ್ದ ಕರಿ ನಾಯಿಯ ಮೇಲಿನ ಮಗ್ಗುಲು.
ಕೆಳಗಿನ ಮಗ್ಗುಲಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಅಣ್ಣನ ಮಗ ಮಾಬು ಚಡ್ಡಿಯಲ್ಲೇ ಓಡಿ ಬಂದು
'ಅತ್ತೆ, ಹಿಮ!' ಅಂದ.
ಅವನ ಪಾಠದಲ್ಲಿ ಒಂದು ಚಿತ್ರವಿದೆ:
ಮಣ್ಣೇ ಇಲ್ಲದ ಊರು,
ಮೂಗಿಗೆ ಗಜ್ಜರಿ ಚುಚ್ಚಿದ ಒಬ್ಬ ಡೊಳ್ಳುಹೊಟ್ಟೆಯವ.
ಪಾಪ, ಅವನಿಗೆ ಬುದ್ಧಿ ತಿಳಿಯುವ ಹೊತ್ತಿಗೆ
ಜಿನ್ನಿಗೆ ಬೀಗ ಬಿದ್ದಿತ್ತು. ಐದು ಹಂಗಾಮು.
ಗೇಟಿಗೆ ಬ್ಯಾಂಕಿನ ನೋಟೀಸು,
ನೋಟೀಸಿನ ಮೇಲೆ ಸಿನಿಮಾ ಪೋಸ್ಟರು,
ಎರಡನ್ನೂ ಮೇಯುತ್ತಿದ್ದ ಓಬಕ್ಕನ ಆಡು.

ಅಲ್ಲ ಕಣೋ, ಅರಳೆ ಅದು, ಅನ್ನಬೇಕೆಂದೆ.
ಅನ್ನಲಿಲ್ಲ.
ಒಂದು ಹಿಡಿ ಬಾಚಿ ಕೆನ್ನೆಗೆ ಒತ್ತಿಕೊಂಡು
'ತಣ್ಣಗೇ ಇಲ್ಲ' ಅಂದ,
ಅಂಗಡಿಯವ ಚಿಲ್ಲರೆ ಕಡಿಮೆ ಕೊಟ್ಟಂತೆ.

ಒಳಗೆ ಗೋಡೆಯ ಮೇಲೆ ಅಜ್ಜನ ಬಿಲ್ಲಿದೆ,
ಹತ್ತಿ ಹಿಂಜುತ್ತಿದ್ದದ್ದು. ತಂತಿ ಸಡಿಲ.
ಬುಡೇನ್ ಸಾಬ್ ಅಂದರೆ
ಹೊಳಲ್ಕೆರೆಯಿಂದ ಹಿರಿಯೂರಿನವರೆಗೆ
ಮದುವೆಮನೆಗಳಲ್ಲಿ ಗಾದಿ ಹೊಲಿದ ಕೈ.
ಹುಬ್ಬು, ರೆಪ್ಪೆ, ಕಿವಿಯ ಕೂದಲು
ಸದಾ ಬಿಳಿ. ನೂರು ವರ್ಷದವನೆಂದೇ ನಾನು ತಿಳಿದಿದ್ದೆ.
ಒಂದು ರಂಜಾನಿನ ಬೆಳಗ್ಗೆ
ಮಿಂದು ಬಂದವನನ್ನು ನೋಡಿ ಹೆದರಿ ಅತ್ತೆ:
ಕಪ್ಪು ಮೀಸೆಯ ಯಾರೋ ಗಂಡಸು
ನಮ್ಮಜ್ಜನ ದನಿಯಲ್ಲಿ ನನ್ನನ್ನು ಕರೆಯುತ್ತಿದ್ದ.

ಅವ್ವ ಹೊರಗೆ ಬಂದಳು.
ಜಗಲಿ ಅಂಚಿನಿಂದ ಒಂದು ಚಿಟಿಕೆ ಎತ್ತಿ
ಎರಡು ಹೆಬ್ಬೆರಳ ನಡುವೆ ಎಳೆದಳು,
ಮತ್ತೆ ಮಡಚಿ ಎಳೆದಳು.
'ಎಳೆ ಗಿಡ್ಡ. ಮಳೆ ನೆಂದ ಮಾಲು' ಅಂದಳು.
ಐದು ವರ್ಷ ಹೂ ಕಟ್ಟಿದ ಬೆರಳು
ಒಂದು ಕ್ಷಣವೂ ತಡವರಿಸಲಿಲ್ಲ.
ಕೆಮ್ಮೂ ತಡಮಾಡಲಿಲ್ಲ,
ಹಳೇ ವಿಳಾಸ ಕೇಳಿಕೊಂಡು ನೇರ ಬಂತು.

'ಕರಗುತ್ತಾ ಅಜ್ಜಿ, ಬಿಸಿಲು ಬಂದ ಮೇಲೆ?'
ಅವ್ವ ನಕ್ಕಳು. ನಗು ಹೋಗಿ ಕೆಮ್ಮಿಗೆ ಸೇರಿತು,
ಕೆಮ್ಮು ಮುಗಿಯುವವರೆಗೆ ಅವನು ಕಾದ.
'ಇದು ಕರಗೋದಲ್ಲಪ್ಪ.'

ಪಾಲಯ್ಯ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ
ಸೀಟು ಒರೆಸಿ, ಯಾರಿಗೂ ಅಲ್ಲದಂತೆ ಕೂಗಿದ:
ಎಂಟಕ್ಕೆ ಗೇಟು, ಹಳಬರಿಗೆ ಮೊದಲು.
ಹೋಗಬೇಡ ಅಂದೆನಾ? ನೆನಪಿಲ್ಲ.
ಟೀ ಇಟ್ಟದ್ದು ನೆನಪಿದೆ,
ಟೀಯಲ್ಲೂ ಒಂದು ಎಳೆ ತೇಲುತ್ತಿತ್ತು.
ತಂತಿಯ ದುಪಟ್ಟಾ ಕೊಡವಿ
ಅವಳ ಮೂಗು ಬಾಯಿ ಸುತ್ತಿ, ಹಿಂದೆ
ಎರಡು ಗಂಟು ಹಾಕಿದೆ.
ಕಣ್ಣಷ್ಟೇ ಉಳಿದಳು.

ಓಬಕ್ಕ ಎಂದಿನಂತೆ ಅಂಗಳಕ್ಕೆ ನೀರು ಚೆಲ್ಲಿದಳು.
ಬಿಳುಪು ಬೂದಿಯಾಗಿ ಮುದ್ದೆಗಟ್ಟಿತು.
ಅಲ್ಲಿ ದೂರ, ಜೋಗಿಮಟ್ಟಿಯ ಮೇಲೆ ಗಾಳಿಗಿರಣಿಗಳು
ಇತ್ತ ಏನೂ ಆಗಿಲ್ಲವೆಂಬಂತೆ ತಿರುಗುತ್ತಿದ್ದವು.

ಮಾಬು ಕಂಪಾಸು ಡಬ್ಬಿಯಿಂದ
ಕೈವಾರ, ಪೆನ್ಸಿಲು, ರಬ್ಬರು ಎಲ್ಲ ಸುರಿದು
ಅದರ ತುಂಬ ಅರಳೆ ಒತ್ತಿ ಒತ್ತಿ ತುಂಬಿದ,
ಮುಚ್ಚಳ ಕೂರಲಿಲ್ಲ,
ಮೊಣಕೈ ಊರಿ ಕೂರಿಸಿದ.
'ಟೀಚರಿಗೆ ತಣ್ಣಗಿಲ್ಲ ಅಂತ ಹೇಳಲ್ಲ' ಅಂದ.

ನಾಯಿ ಎದ್ದು ಮೈ ಕೊಡವಿತು.